ಕಾಣೆಯಾದ ನಾನೂರ ಹನ್ನೆರಡು ಪುಸ್ತಕಗಳು

ಕೀಂಯ್... ಕೀಂಯ್... ಕೀಂಯ್!

ಗ್ರಂಥಾಲಯದ ಬಾಗಿಲಲ್ಲಿ ಅಂದೇ ನಿಲ್ಲಿಸಿದ್ದ ಹೊಸ ಗೇಟು ಕಿವಿ ಕಿತ್ತುಹೋಗುವಂತೆ ಕಿರುಚಿಕೊಂಡಿತು. ಊಟದ ಬಿಡುವಿಗೆಂದು ಹೊರಟಿದ್ದವಳು ಎತ್ತಿದ ಕಾಲನ್ನು ಇಳಿಸುವುದನ್ನೂ ಮರೆತಳು. ಪತ್ರಿಕೆಗಳ ಹಿಂದಿದ್ದ ಮುಖಗಳೆಲ್ಲ ಒಟ್ಟಿಗೆ ಇತ್ತ ತಿರುಗಿದವು.

ಕಳ್ಳಿ ಸಿಕ್ಕಿಬಿದ್ದಳು ಎನ್ನುವ ಹಾಗೆ! ಅದೂ ಯಾರು? ಏಳು ವರ್ಷಗಳಿಂದ ಇಲ್ಲಿಯ ಮಕ್ಕಳ ವಿಭಾಗವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಹುಡುಗಿ!

"ಅಯ್ಯೋ, ನಾನೇನೂ ತಗೊಂಡಿಲ್ಲ!"

ಗೇಟಿನ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ತಂತ್ರಜ್ಞ ಎದ್ದು ಓಡಿ ಬಂದ. "ಗಾಬರಿ ಆಗ್ಬೇಡಿ ಮೇಡಂ. ಸ್ವಲ್ಪ ಕೈ ಎತ್ತಿ."

"ಏನ್ರೀ? ನನ್ನನ್ನ ತಪಾಸಣೆ ಮಾಡ್ತೀರಾ?"

"ಇಲ್ಲ ಇಲ್ಲ... ಮೊಣಕೈ ನೋಡ್ಕೊಳ್ಳಿ."

ಮೊಣಕೈಗೆ ಒಂದು ಬಿಳಿ ಸ್ಟಿಕ್ಕರ್ ಅಂಟಿಕೊಂಡಿತ್ತು! ಬೆಳಿಗ್ಗೆ ಅವನ ಮೇಜಿಗೆ ಒರಗಿ ನಿಂತಿದ್ದಾಗ ಹತ್ತಿರಬೇಕು. ಅವನು ಅದನ್ನು ಮೆಲ್ಲಗೆ ಬಿಡಿಸಿ ಬೆಳಕಿಗೆ ಹಿಡಿದ. ಒಳಗೆ ಸುರುಳಿ ಸುತ್ತಿದ ಸಣ್ಣ ತಂತಿ ಕಾಣುತ್ತಿತ್ತು.

"ಇದೇ ಟ್ಯಾಗ್. ಪ್ರತಿ ಪುಸ್ತಕಕ್ಕೂ ಒಂದು. ರೇಡಿಯೋ ಅಲೆ ತಾಗಿದ್ರೆ ತನ್ನ ನಂಬರ್ ತಾನೇ ಹೇಳುತ್ತೆ. ಕೈಯಲ್ಲಿ ಈ ರೀಡರ್ ಹಿಡ್ಕೊಂಡು ಕಪಾಟಿನ ಮುಂದೆ ನಡೆದ್ರೆ ಸಾಕು, ಎಲ್ಲ ಪುಸ್ತಕದ ಹಾಜರಿ ಆಗಿಬಿಡುತ್ತೆ."

"ಅಂದ್ರೆ ಈಗ ನಾನೂ ಒಂದು ಪುಸ್ತಕನಾ?"

"ಹೌದು ಮೇಡಂ. ಹೊರಗೆ ಕಳಿಸೋ ಹಾಗಿಲ್ಲ."

ಎಷ್ಟು ಕೊಬ್ಬು ನೋಡಿ! ಅವಳು ದುರುಗುಟ್ಟಿಕೊಂಡೇ ಹೊರಗೆ ಹೋದಳು. ಸಂಜೆ ಅಕ್ಕನ ಮುಂದೆ ಅವನಿಗೆ 'ಟ್ಯಾಗಪ್ಪ' ಎಂದು ನಾಮಕರಣವನ್ನೂ ಮಾಡಿದಳು. ಒಂದು ಗಂಟೆಯಲ್ಲಿ ಹದಿನಾಲ್ಕು ಸಲ ಆ ಹೆಸರು ಬಂತೆಂದು ಅಕ್ಕ ಎಣಿಸಿ ಹೇಳಿದಾಗ ಮಾತ್ರ ಬಾಯಿ ಮುಚ್ಚಿತು.

ಆಮೇಲೆ ಮೂರು ವಾರ ಟ್ಯಾಗ್ ಅಂಟಿಸುವ ಕೆಲಸ. ಮೊದಲ ದಿನ ಅವನೇ ಪಕ್ಕದಲ್ಲಿ ಕೂತು ತೋರಿಸಿಕೊಟ್ಟಿದ್ದ. ಅವಳದ್ದು ಎಲ್ಲದರಲ್ಲೂ ಅಚ್ಚುಕಟ್ಟು. ಸ್ಕೇಲ್ ಇಟ್ಟು ಅಳೆದು, ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ, ಕೆಳಗಿನ ಮೂಲೆಯಿಂದ ಎರಡೇ ಅಂಗುಲಕ್ಕೆ ಅಂಟಿಸುತ್ತಿದ್ದಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಅವನು ಚಹಾ ತರುತ್ತಿದ್ದ. ಮಕ್ಕಳ ಕಥೆಗಳನ್ನು ತಪ್ಪು ತಪ್ಪಾಗಿ ಓದಿ ನಗಿಸುತ್ತಿದ್ದ. ಅವನು ಬರುವುದು ಹತ್ತು ನಿಮಿಷ ತಡವಾದರೆ ಅವಳ ಕಣ್ಣು ಬಾಗಿಲ ಕಡೆಗೇ! 'ಇದೇನಾಗ್ತಿದೆ ನನಗೆ...' ಆಗಬೇಕಾದದ್ದು ಆಗಿಹೋಗಿತ್ತು, ಪಾಪ, ಅವಳಿಗೇ ಗೊತ್ತಿರಲಿಲ್ಲ.

ಕಡೆಗೆ ಪುಸ್ತಕಗಳ ಎಣಿಕೆಯ ದಿನ ಬಂತು. ಮರುದಿನ ಬೆಳಿಗ್ಗೆ ಮುಖ್ಯ ಗ್ರಂಥಪಾಲಕಿಯಾದ ದೊಡ್ಡ ಮೇಡಂ ಅವಳನ್ನು ಕೋಣೆಗೆ ಕರೆಸಿದರು.

"ನಾನೂರ ಹನ್ನೆರಡು ಪುಸ್ತಕ ಇಲ್ಲ."

"ಏನಂದ್ರಿ?"

"ಕಾಣೆಯಾಗಿವೆ ಅಂದೆ. ಅಷ್ಟೂ ನಿನ್ನ ವಿಭಾಗದ್ದೇ. ಆ ಕೋಣೆಯ ಬೀಗದ ಕೈ ಇರೋದು ನಿನ್ನ ಹತ್ರ ಮಾತ್ರ."

"ಸಾಧ್ಯಾನೇ ಇಲ್ಲ ಮೇಡಂ! ಒಂದ್ಸಲ ನಾನೇ ಹೋಗಿ ನೋಡ್ತೀನಿ..."

"ವಿಚಾರಣೆ ಮುಗಿಯೋವರೆಗೂ ಆ ಕಡೆ ಕಾಲಿಡಬೇಡ. ಬೀಗದ ಕೈ ಇಲ್ಲಿಡು. ಮೆಷಿನ್ ಯಾಕಮ್ಮ ಸುಳ್ಳು ಹೇಳುತ್ತೆ?"

ಮೇಜಿನ ಮೇಲಿದ್ದ ವರದಿಯ ತುದಿಯಲ್ಲಿ ಒಂದು ಸಹಿಯಿತ್ತು. ಅವನದೇ! ಜೊತೆಗೆ ಕೂತು ಚಹಾ ಕುಡಿದವನು, ನನ್ನನ್ನು ಒಂದು ಮಾತೂ ಕೇಳದೆ ಸಹಿ ಹಾಕಿಬಿಟ್ಟನಾ? ನಾನು ಕಳ್ಳಿ ಅಂತ ಒಪ್ಪಿಕೊಂಡನಾ?

ಆ ದಿನ ಅವನಿಂದ ಹನ್ನೊಂದು ಕರೆ ಬಂದವು. ಒಂದನ್ನೂ ಎತ್ತಲಿಲ್ಲ.

"ಎತ್ತೇ, ಏನ್ ಹೇಳ್ತಾನೋ ಕೇಳು" ಅಂದಳು ಅಕ್ಕ.

"ಹೇಳೋದೇನು ಉಳಿದಿದೆ ಅಕ್ಕ? ಏಳು ವರ್ಷದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲಾಯ್ತು. ಇನ್ಯಾರಾದ್ರೂ ಮಾಡಿದ್ರೆ ಸಹಿಸ್ಕೋತಿದ್ದೆ..." ಎಂದು ದಿಂಬಿಗೆ ಮುಖವಿಟ್ಟು ಅತ್ತಳು.

ಮರುದಿನ ರಾಜೀನಾಮೆ ಪತ್ರ ಹಿಡಿದು ಗ್ರಂಥಾಲಯಕ್ಕೆ ಬಂದಳು. ದೊಡ್ಡ ಮೇಡಂ ತಮ್ಮ ಕೋಣೆಯಲ್ಲಿರಲಿಲ್ಲ. ಮಕ್ಕಳ ವಿಭಾಗದ ಬಾಗಿಲು ತೆರೆದಿತ್ತು. ಒಳಗಿನಿಂದ ಬೀಪ್... ಬೀಪ್...

ಇಣುಕಿದವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ! ನೆಲದ ತುಂಬ ಹಾಸಿದ ಪುಸ್ತಕಗಳು. ಎಲ್ಲವೂ ಹದಿನಾರು ಪುಟದ, ಇಪ್ಪತ್ತು ಪುಟದ ತೆಳು ಚಿತ್ರಕಥೆಗಳು. ನಡುವೆ ಕೆದರಿದ ತಲೆಯ ಟ್ಯಾಗಪ್ಪ ಮಂಡಿಯೂರಿ ಒಂದೊಂದನ್ನೇ ಎತ್ತಿ ರೀಡರಿಗೆ ಹಿಡಿಯುತ್ತಿದ್ದ. ದೊಡ್ಡ ಮೇಡಂ ಕಿಟಕಿಯ ಬಳಿ ನಿಂತು ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು.

"ನಾನೂರ ಹನ್ನೆರಡು!" ಅವನು ಕೊನೆಯ ಪುಸ್ತಕ ಕೆಳಗಿಟ್ಟು ತಲೆಯೆತ್ತಿದ. ಅವಳನ್ನು ಕಂಡು ದಡಬಡಿಸಿ ಎದ್ದ. "ಎಲ್ಲಾ ಇಲ್ಲೇ ಇವೆ! ಒಂದೂ ಎಲ್ಲಿಗೂ ಹೋಗಿಲ್ಲ!"

"ಮತ್ತೆ... ಮೆಷಿನ್?"

"ದಪ್ಪ ಪುಸ್ತಕ ಆದ್ರೆ ಟ್ಯಾಗ್‌ಗಳ ನಡುವೆ ಜಾಗ ಇರುತ್ತೆ. ಇವು ತೆಳು. ಟ್ಯಾಗ್ ಎಲ್ಲಾ ಒಂದೇ ಜಾಗದಲ್ಲಿದ್ರೆ ಒಂದಕ್ಕೊಂದು ಒತ್ಕೊಂಡು, ಒಂದರ ಮಾತು ಇನ್ನೊಂದು ನುಂಗಿಬಿಡುತ್ತೆ. ರೀಡರ್‌ಗೆ ಏನೂ ಕೇಳಿಸಲ್ಲ."

ಸ್ಕೇಲ್ ಇಟ್ಟು ಅಳೆದ ಎರಡು ಅಂಗುಲ! "ಹಾಗಾದ್ರೆ ತಪ್ಪು ನನ್ನದೇ..."

"ಅಲ್ಲಮ್ಮ" ಎಂದರು ದೊಡ್ಡ ಮೇಡಂ. ಅವರ ದನಿ ತಗ್ಗಿತ್ತು. "ಮೊನ್ನೆ ಸಹಿ ಹಾಕುವಾಗ್ಲೇ ಇವನು ಅಂದಿದ್ದ, ಇದು ಮೆಷಿನ್ ಓದಿದ್ದು ಅಷ್ಟೇ, ಒಂದು ದಿನ ತಡೀರಿ, ಕೈಯಾರೆ ಎಣಿಸ್ತೀನಿ ಅಂತ. ನಾನೇ ಕೇಳಲಿಲ್ಲ, ದುಡುಕಿದೆ. ಕ್ಷಮಿಸು. ಇವತ್ತು ಬೆಳಿಗ್ಗೆ ಇದನ್ನೂ ತಂದುಕೊಟ್ಟ." ಕನ್ನಡಕ ಸರಿಮಾಡಿಕೊಂಡು ಒಂದು ಪತ್ರವನ್ನು ಓದಿದರು. "'ತೆಳು ಪುಸ್ತಕಗಳಿಗೆ ಟ್ಯಾಗನ್ನು ಬೇರೆ ಬೇರೆ ಜಾಗದಲ್ಲಿ ಅಂಟಿಸಬೇಕೆಂದು ತರಬೇತಿಯಲ್ಲಿ ನಾನು ಹೇಳಲಿಲ್ಲ. ಆಗ ನನ್ನ ಗಮನ ಬೇರೆ ಕಡೆ ಇತ್ತು. ಸಿಬ್ಬಂದಿಯದು ಏನೂ ತಪ್ಪಿಲ್ಲ. ಎಲ್ಲ ಹೊಣೆಯೂ ನನ್ನದೇ.' ಅವರ ಕಂಪನಿಗೂ ಕಳಿಸಿದ್ದಾನೆ. ಅಲ್ಲಪ್ಪಾ, ಆರು ಊರಲ್ಲಿ ಈ ಕೆಲಸ ಮಾಡಿದವನು ನೀನು. ಆವತ್ತು ಗಮನ ಎಲ್ಲಿತ್ತು?"

ಅವನ ಕಿವಿ ಕೆಂಪಾಯಿತು. ದೊಡ್ಡ ಮೇಡಂ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ಓಹೋ..." ಎಂದು ಅವಳ ಕೈಯಿಂದ ರಾಜೀನಾಮೆ ಪತ್ರ ಕಿತ್ತುಕೊಂಡು ಎರಡು ತುಂಡು ಮಾಡಿ, ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿ, ಬಾಗಿಲು ಮುಂದಕ್ಕೆಳೆದುಕೊಂಡು ಹೋದರು.

ಅವಳು ಅವನ ಕಡೆಗೆ ತಿರುಗಿದಳು.

"ಕಂಪನಿಗೆ ಯಾಕೆ ಬರೆದ್ರಿ? ಕೆಲಸ ಹೋದ್ರೆ?"

"ಹೋಗ್ಲಿ. ನಿಮ್ಮನ್ನ ಕಳ್ಳಿ ಅಂದ್ರಲ್ಲ... ತಡ್ಕೊಳ್ಳೋಕೆ ಆಗ್ಲಿಲ್ಲ."

"ಫೋನಲ್ಲಿ ಹೇಳೋದಲ್ವಾ?"

"ಹನ್ನೊಂದು ಸಲ ಮಾಡಿದೆ!"

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ನಾನು ಪೆದ್ದಿ. ನಿಮ್ಮ ಸಹಿ ನೋಡಿ ಪ್ರಾಣವೇ ಹೋದಂಗಾಯ್ತು. ಅಷ್ಟು ನೋವು ಯಾಕಾಯ್ತು ಅಂತ ರಾತ್ರಿಯಿಡೀ ಯೋಚನೆ ಮಾಡಿದೆ..."

"ಯಾಕೆ?"

"ಮೊದಲು ನೀವು ಹೇಳಿ. ಆವತ್ತು ಗಮನ ಎಲ್ಲಿತ್ತು?"

"ನೀವು ಸ್ಕೇಲ್ ಹಿಡ್ಕೊಂಡು, ತುಟಿ ಕಚ್ಚಿಕೊಂಡು ಅಳೀತಿದ್ರಲ್ಲ... ನೋಡ್ತಾ ನೋಡ್ತಾ ಹೇಳಬೇಕಾದ್ದೇ ಮರೆತುಹೋಯ್ತು. ನಿಮ್ಮನ್ನ ಪ್ರೀತಿಸ್ತೀನಿ ಮೇಡಂ. ಆವತ್ತಿಂದಾನೇ."

ಪ್ರೀತಿಸ್ತೀನಿ ಅಂತೆ, ಮೇಡಂ ಅಂತೆ! ಅವಳು ಕಣ್ಣೊರೆಸಿಕೊಂಡು ನೆಲದ ಮೇಲೆ ಪುಸ್ತಕಗಳ ನಡುವೆ ಕೂತಳು. ಅವನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ಇದಿಷ್ಟಕ್ಕೂ ಹೊಸ ಟ್ಯಾಗ್ ಹಾಕ್ಬೇಕು ತಾನೇ? ಸರಿಯಾಗಿ ಹೇಳಿಕೊಡಿ. ಈ ಸಲ ನನ್ನ ಮುಖ ನೋಡದೆ."

"ಅದು ನನ್ನ ಕೈಲಿ ಆಗಲ್ಲ."

"ಹಾಗಿದ್ರೆ ನೋಡ್ತಾನೇ ಇರಿ" ಎಂದಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದು. "ಜೀವನಪೂರ್ತಿ. ಪುಸ್ತಕ ನಾನು ನೋಡ್ಕೋತೀನಿ."