ತಾತನ ಕಡೆಗೆ ವಾಲಿದ ಜೀಪು

ಜೀಪಿನ ಸದ್ದು ಕೇಳಿದ್ದೇ ಗಿರಿಜೆ ಲೆಕ್ಕ ಬಿಡಿಸುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡಿದಳು. ಕೈಲಾಂಚದ ಶಾಲೆಯ ಮುಂದೆ ಅಪ್ಪನ ಜೀಪು ಬಂದು ನಿಂತಿತ್ತು. ಎಂದಿನಂತೆ ಎಡಕ್ಕೆ ವಾಲಿಕೊಂಡು ನಿಂತಿತ್ತು. ಅಂದರೆ ತಾತನೂ ಬಂದಿದ್ದಾರೆ.

ಆ ಜೀಪನ್ನು ಯಾರೂ ನಂಬರ್ ನೋಡಿ ಗುರುತಿಸುತ್ತಿರಲಿಲ್ಲ. ತಾತ ರೇವಣಸಿದ್ದಯ್ಯನವರದು ಭಾರೀ ಮೈ. ಡ್ರೈವರ್ ಪಕ್ಕದ ಎಡಗಡೆಯ ಸೀಟು ಅವರದು. ಅವರು ಒಂದು ಕಾಲು ಒಳಗಿಟ್ಟರೆ ಸಾಕು, ಜೀಪು ದಣಿದ ಎಮ್ಮೆಯ ಹಾಗೆ ಆ ಕಡೆಗೆ ಮಲಗುತ್ತಿತ್ತು. ಅಂಗಳದಲ್ಲಿ ಸುಮ್ಮನೆ ನಿಂತ ಜೀಪಿನಲ್ಲೂ ಅವರು ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು. ತಾತ ಇಲ್ಲದ ಜೀಪನ್ನು ಗಿರಿಜೆ ನೋಡಿಯೇ ಇರಲಿಲ್ಲ.

ಮೇಷ್ಟರನ್ನು ಕೇಳಿಕೊಂಡು ಅವಳು ಹೊರಗೆ ಓಡಿದಳು. ತಾತನ ಸೀಟು ಖಾಲಿ ಇತ್ತು.

“ತಾತ ಎಲ್ಲಿ?” ಎಂದಳು.

ಅಪ್ಪ ರುದ್ರಯ್ಯ ಅವಳ ಮುಖ ನೋಡಲಿಲ್ಲ. “ಹತ್ತವ್ವ, ಮನೆಗೋಗನ,” ಎಂದು ಟವೆಲಿನಿಂದ ಕಣ್ಣೊರೆಸಿಕೊಂಡ. ಆಗ ಗಿರಿಜೆಗೆ ಗೊತ್ತಾಯಿತು.

ತಾತನನ್ನು ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು. ಅವರ ಮನೆಯ ಪದ್ಧತಿಯಂತೆ ಮಲಗಿಸದೆ, ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆಗಳಿಂದ ಮುಚ್ಚಿದರು. ರೇವಣಸಿದ್ದಯ್ಯನವರು ಶಿವನೊಳಗೆ ಒಂದಾದರು, ಇನ್ನು ಅಳಬಾರದು ಎಂದು ಪೂಜೆ ಮಾಡಿಸಿದ ಮಠದ ಅಯ್ಯನವರು ಹೇಳಿದರು. ಅಜ್ಜಿ ಸುಂದರಮ್ಮ ತಲೆಯಾಡಿಸಿದಳು. ಆದರೆ ಒಪ್ಪಿದಂತೆ ಕಾಣಲಿಲ್ಲ.

ತಾತನ ಹೆಸರಿನ ಆರಾಧನೆ ಮುಗಿದ ಮಾರನೆಯ ಬೆಳಿಗ್ಗೆ ಅಂಗಳಕ್ಕೆ ಬಂದ ಅಜ್ಜಿ ಜೀಪನ್ನು ನೋಡಿ ಹಾಗೇ ನಿಂತಳು. ಒಳಗೆ ಯಾರೂ ಇರಲಿಲ್ಲ. ಜೀಪು ಮಾತ್ರ ಎಡಕ್ಕೇ ವಾಲಿತ್ತು.

“ಎಲ್ಲೂ ಹೋಗಿಲ್ಲ ಕಣ್ ಮಗಾ,” ಎಂದಳು ಗಿರಿಜೆಗೆ, ಗುಟ್ಟಿನ ದನಿಯಲ್ಲಿ. “ನೋಡು, ಇಲ್ಲೇ ಕೂತವ್ರೆ.”

ಗಿರಿಜೆ ಬಗ್ಗಿ ನೋಡಿದಳು. ಎಡಗಡೆಯ ಚಕ್ರ ಅರ್ಧಕ್ಕರ್ಧ ಮಡ್‌ಗಾರ್ಡಿನೊಳಗೆ ಹೂತಿತ್ತು. ತಾತ ಅಲ್ಲದೆ ಇನ್ನಾರು ಜೀಪನ್ನು ಹೀಗೆ ಅದುಮಲು ಸಾಧ್ಯ? ಅಷ್ಟು ದಿನದಿಂದ ಎದೆಯಲ್ಲಿ ಕಲ್ಲಿನ ಹಾಗೆ ಕೂತಿದ್ದದ್ದು ಒಸಿ ಹಗುರಾಯಿತು.

ಅಂದಿನಿಂದ ಬೆಳಗಿನ ರಾಗಿ ರೊಟ್ಟಿ, ಚಟ್ನಿ ಆ ಸೀಟಿಗೆ ಹೋಗತೊಡಗಿತು. ಅಜ್ಜಿ ಆಚೆ ತಿರುಗಿದೊಡನೆ ಅಂಗಳದ ಕರು ಕತ್ತು ಚಾಚಿ ತಿಂದುಬಿಡುತ್ತಿತ್ತು. ತಟ್ಟೆ ಖಾಲಿಯಾದದ್ದು ನೋಡಿ ಅಜ್ಜಿಗೆ ಸಮಾಧಾನ. ಗಿರಿಜೆ ಕರುವಿನ ವಿಷಯ ಬಾಯಿಬಿಡಲಿಲ್ಲ. ಶಾಲೆಯಿಂದ ಬಂದು ಹಿಂದಿನ ಸೀಟಿನಲ್ಲಿ ಕೂತು, ಯಾರಿಗೆ ಏಟು ಬಿತ್ತು, ಯಾರು ಬೆಂಚಿನ ಮೇಲೆ ನಿಂತರು ಎಂದು ತಾತನಿಗೆ ವರದಿ ಒಪ್ಪಿಸುತ್ತಿದ್ದಳು.

ಆಗ ಸುತ್ತಲಿನ ಊರುಗಳಲ್ಲೆಲ್ಲ ರೇಷ್ಮೆಯ ಕಾಲ. ರಾಗಿಯ ಹೊಲಗಳೂ ಹಿಪ್ಪುನೇರಳೆ ತೋಟಗಳಾಗಿದ್ದವು. ಊರಿನವರ ರೇಷ್ಮೆಗೂಡೆಲ್ಲ ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದದ್ದು ಈ ಒಂದೇ ಜೀಪಿನಲ್ಲಿ. ಈಗ ಮುಂದಿನ ಸೀಟಿನಲ್ಲಿ ಕೂರಲು ಯಾರಿಗೂ ಧೈರ್ಯವಿಲ್ಲ. ಎಲ್ಲರೂ ಹಿಂದೆಯೇ, ಒಬ್ಬರ ಮಂಡಿಯ ಮೇಲೆ ಒಬ್ಬರು.

ಪಕ್ಕದ ಮನೆಯ ಗಂಗಹನುಮಯ್ಯ ಅಳಿಯನ ಊರಿನಿಂದ ಆಗಷ್ಟೇ ಬಂದಿದ್ದ. ಅವನಿಗೆ ಇದೊಂದೂ ತಿಳಿಯದು. ಹಿಂದೆ ಅಷ್ಟು ಜನ ನುಗ್ಗಾಡುತ್ತಿರುವಾಗ ಮುಂದಿನ ಸೀಟು ಖಾಲಿ ಇರುವುದು ಕಂಡು, ಇವರಿಗೆಲ್ಲ ಬುದ್ಧಿಯಿಲ್ಲ ಎಂದುಕೊಂಡು ಹೋಗಿ ಕೂತೇಬಿಟ್ಟ.

“ಏಳಪ್ಪಾ,” ಎಂದಳು ಅಜ್ಜಿ. “ಯಜಮಾನ್ರ ತೊಡೆ ಮೇಲೆ ಕೂತಿದ್ದೀಯ.”

ಗಂಗಹನುಮಯ್ಯ ಕೂತ ವೇಗಕ್ಕಿಂತ ಬೇಗ ಎದ್ದ. ಕರು ಚೆಲ್ಲಿದ ಚಟ್ನಿ ಪಂಚೆಗೆ ಮೆತ್ತಿತ್ತು. ಖಾಲಿ ಸೀಟಿಗೆ ಕೈಮುಗಿದು, “ಕಾಣ್ನಿಲ್ಲ ಕಣ್ರಯ್ಯ, ತಪ್ಪಾಯ್ತು,” ಎಂದ. ಅಂದಿನಿಂದ ಅವನು ಜೀಪಿನ ಮುಂದೆ ಹಾದುಹೋಗುವಾಗ ಬೀಡಿಯನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತಿದ್ದ.

ದಾರಿಯಲ್ಲಿ ತಗ್ಗು ಬಂದಾಗಲೆಲ್ಲ ಎಡಗಡೆಯ ಟೈರು ಮಡ್‌ಗಾರ್ಡಿಗೆ ಉಜ್ಜಿ ಗೊರ್ ಗೊರ್ ಎನ್ನುತ್ತಿತ್ತು. ತಾತ ಗೊರಕೆ ಹೊಡೆಯುತ್ತಿದ್ದಾರೆ ಎಂದು ಅಜ್ಜಿ ಅರ್ಥ ಹೇಳಿದಳು. ಹೀಗೇ ಬಿಟ್ಟರೆ ಟೈರು ಒಡೆಯುತ್ತದೆ ಎಂದು ಅಪ್ಪ ಹೇಳಿದ. ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಏರಿ ಗೂಡು ಕಟ್ಟುತ್ತಿದ್ದವು. ಗೂಡು ಬಿಡಿಸಿದ ಮೇಲೆ ತಡಮಾಡುವಂತಿಲ್ಲ. ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದರೆ ಆ ಗೂಡನ್ನು ಕೇಳುವವರಿಲ್ಲ. ಅಷ್ಟರೊಳಗೆ ಜೀಪನ್ನು ನೆಟ್ಟಗೆ ಮಾಡಿಸಬೇಕಿತ್ತು.

ನೆಟ್ಟಗೆ ಮಾಡಿಸಿದರೆ ತಾತ ಏನಾಗುತ್ತಾರೆ? ಗಿರಿಜೆ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ತಾನೂ ಬರುತ್ತೇನೆಂದು ಹಟ ಹಿಡಿದು ಹೊರಟಳು. ದಾರಿಯುದ್ದಕ್ಕೂ ಹಿಂದಿನಿಂದ ತಾತನ ಸೀಟನ್ನು ಹಿಡಿದುಕೊಂಡೇ ಕೂತಿದ್ದಳು.

“ಕಬ್ಬಿಣ ಸೋತೋಗದೆ ಕಣವ್ವ, ಅಷ್ಟೇಯ,” ಎಂದ ಅಪ್ಪ. ಅವಳು ಸೀಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ರಾಮನಗರದಲ್ಲಿ ಖಾಸಿಂ ಸಾಹೇಬರದು ಕಮಾನು ಕೆಲಸದ ಅಂಗಡಿ. ಕಮಾನು ಎಂದರೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಗಾಡಿಯ ಭಾರವೆಲ್ಲ ಅದರ ಮೇಲೆಯೇ. ಖಾಸಿಂ ಎಡಗಡೆಯ ಕಟ್ಟನ್ನು ಬಿಚ್ಚಿ ಒಂದು ಪಟ್ಟಿಯನ್ನು ಎತ್ತಿ ಹಿಡಿದರು. ಅದರಲ್ಲಿ ಬಾಗೇ ಉಳಿದಿರಲಿಲ್ಲ.

“ಇದು ಕಮಾನಲ್ಲ ರುದ್ರಣ್ಣ, ಸ್ಕೇಲು,” ಎಂದರು. “ಮಗೀಗೆ ಕೊಡು, ಗೆರೆ ಹಾಕ್ಕೊಳ್ಲಿ.”

ಗಿರಿಜೆ ಅವರ ಹತ್ತಿರ ಸರಿದಳು. “ಪೂರಾ ನೆಟ್ಟಗೆ ಮಾಡ್ಬ್ಯಾಡಿ. ಒಸಿ ವಾಲಿರ್ಲಿ.”

“ಯಾಕಮ್ಮ?”

“ನಮ್ ತಾತ ಬಿದ್ದೋಗ್ತಾರೆ.”

ಖಾಸಿಂ ಅಪ್ಪನನ್ನು ನೋಡಿದರು. ಅಪ್ಪ ರಸ್ತೆಯನ್ನು ನೋಡಿದ. ಖಾಸಿಂ ಪಟ್ಟಿಯನ್ನು ಕುಲುಮೆಗಿಟ್ಟರು. ಅದು ಕೆಂಪಗಾದ ಮೇಲೆ ಬಡಿದು ಬಡಿದು ಬಾಗಿಸಿದರು. ರೇವಣಸಿದ್ದಯ್ಯನವರೆಂದರೆ ಅವರಿಗೂ ಪ್ರೀತಿ. ಅವರ ಹೆಸರಿನಲ್ಲಿ ಗಟ್ಟಿಯಾಗಿರಲಿ ಎಂದು ಒಂದು ಪಟ್ಟಿ ಹೆಚ್ಚಾಗಿಯೇ ಸೇರಿಸಿದರು. ಅಪ್ಪನಿಗೆ ಹುಳುವಿನ ಮನೆಯ ಆತುರ. ಬಲಗಡೆಯದನ್ನು ಮುಟ್ಟಿಸದೆ ಹೊರಟುಬಿಟ್ಟ.

ಸಂಜೆ ಜೀಪು ಅಂಗಳಕ್ಕೆ ಬಂದಾಗ ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು. ಎಡಗಡೆ ಎದ್ದು ನಿಂತಿತ್ತು. ಬಲಗಡೆಯದು ಇನ್ನೂ ಹಳೆಯ ಕಮಾನೇ ಆದ್ದರಿಂದ, ಜೀಪು ಈಗ ಬಲಕ್ಕೆ ವಾಲಿತ್ತು. ಡ್ರೈವರ್ ಕಡೆಗೆ.

“ಲೋ ರುದ್ರ, ಇಳಿಯೋ,” ಎಂದಳು ಅಜ್ಜಿ. “ನಿಮ್ಮಪ್ಪ ನಿನ್ ಸೀಟಿಗ್ ಬಂದವ್ರೆ.”

ಅಪ್ಪ ತಲೆ ಚಚ್ಚಿಕೊಂಡ. ಒಂದು ಪಟ್ಟಿ ಹೆಚ್ಚಾಗಿದೆ, ಅದಕ್ಕೇ ಹೀಗೆ ಎಂದು ತಿಳಿಸಿ ಹೇಳಿದ. ಅಜ್ಜಿ ಕೇಳಿಸಿಕೊಳ್ಳಲೇ ಇಲ್ಲ.

“ಒಂದ್ಸಲ ಓಡಿಸ್ತೀನಿ, ಒಂದ್ಸಲ ಓಡಿಸ್ತೀನಿ ಅಂತ ಸಾಯೋಗಂಟ ಕೇಳುದ್ರು. ಕೊಟ್ಯಾ ನೀನು?”

“ಹುಲ್ಲು ಬಣವೆಗೆ ನುಗ್ಗಿಸಿರ್ನಿಲ್ವಾ ಅವತ್ತು?” ಎಂದು ಅಪ್ಪ ಗೊಣಗಿದ. ಆದರೆ ಗೊಣಗುತ್ತಲೇ ಇಳಿದ.

ಮಾರನೆಯ ದಿನ ಮತ್ತೆ ಖಾಸಿಂ ಅಂಗಡಿಗೆ ಹೊರಟರು. ಗಿರಿಜೆ ಹಿಂದಿನಿಂದ ನೋಡುತ್ತಿದ್ದಳು. ಅಪ್ಪ ಸೀಟಿನ ತುದಿಯಲ್ಲಿ ಅರ್ಧ ಮಾತ್ರ ಕೂತು, ಉಳಿದರ್ಧ ಬಿಟ್ಟುಕೊಂಡು ಸ್ಟೇರಿಂಗ್ ತಿರುಗಿಸುತ್ತಿದ್ದ. ಅಷ್ಟು ದೂರವೂ ಹಾಗೆಯೇ ಕೂತಿದ್ದ. ಕಬ್ಬಿಣ ಸೋತಿದೆ, ಅಷ್ಟೇ ಎಂದಿದ್ದ ಅಪ್ಪ. ಅವಳು ಅವನ ಬೆನ್ನನ್ನೇ ನೋಡುತ್ತ ಕೂತಳು.

ಜೀಪನ್ನು ಕಂಡು ಖಾಸಿಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅರ್ಧ ಸೀಟಿನಲ್ಲಿ ಕೂತ ಅಪ್ಪನನ್ನು ಕಂಡು ನಗು ನಿಲ್ಲಿಸಿದರು. ಬಲಗಡೆಯ ಕಮಾನನ್ನೂ ಬಿಚ್ಚಿ, ಕಾಯಿಸಿ, ಬಾಗಿಸಿ, ಅದಕ್ಕೂ ಒಂದು ಪಟ್ಟಿ ಸೇರಿಸಿ ಕಟ್ಟಿದರು. ಕೊನೆಗೆ ಒಂದು ಲೋಟ ಟೀ ತರಿಸಿ ಬಾನೆಟ್ಟಿನ ಮೇಲಿಟ್ಟರು. ಟೀ ಯಾವ ಕಡೆಗೂ ವಾಲಲಿಲ್ಲ. ಅದನ್ನು ಅವರೇ ಕುಡಿದರು.

ಒಸಿ ವಾಲಿರಲಿ ಎಂದು ಗಿರಿಜೆ ಈ ಸಲ ಕೇಳಲಿಲ್ಲ. ಯಾವ ಕಡೆಗೆ ಎಂದು ಕೇಳುವುದು, ಅವಳಿಗೇ ತಿಳಿಯಲಿಲ್ಲ.

ಗೂಡು ಬಿಡಿಸಿ ಚೀಲಗಳನ್ನೆಲ್ಲ ಜೀಪಿಗೇರಿಸಿದ ಬೆಳಿಗ್ಗೆ, ಅಜ್ಜಿ ತಟ್ಟೆ ಹಿಡಿದು ಅಂಗಳಕ್ಕೆ ಬಂದಳು. ಎಡಗಡೆ ನೋಡಿದಳು. ಬಲಗಡೆ ನೋಡಿದಳು. ಜೀಪನ್ನು ಒಂದು ಸುತ್ತು ಸುತ್ತಿದಳು. ತಟ್ಟೆಯನ್ನು ಎಲ್ಲಿಡುವುದೆಂದು ತೋಚದೆ ನಿಂತಳು.

“ಎಲ್ ಕೂತವ್ರೆ ಮಗಾ?” ಎಂದು ಗಿರಿಜೆಯನ್ನು ಕೇಳಿದಳು.

ಗಿರಿಜೆ ಅಜ್ಜಿಯನ್ನು ನೋಡಿದಳು. ಅಜ್ಜಿಯ ರವಿಕೆಯ ತೋಳು ಸಡಿಲವಾಗಿ ಜೋತುಬಿದ್ದಿತ್ತು. ಇಷ್ಟು ದಿನವೂ ರೊಟ್ಟಿ ಸೀಟಿಗೆ ಹೋಗುತ್ತಿತ್ತು, ಕರುವಿಗೆ ಹೋಗುತ್ತಿತ್ತು. ಅಜ್ಜಿ ತಿಂದದ್ದನ್ನು ಅವಳು ಕಂಡಿರಲಿಲ್ಲ.

ಅವಳು ತಟ್ಟೆಯನ್ನು ಇಸಿದುಕೊಂಡು, ಇನ್ನೊಂದು ಕೈಯಿಂದ ಅಜ್ಜಿಯನ್ನು ಹಿಡಿದು ಮುಂದಿನ ಸೀಟಿನ ಹತ್ತಿರ ಕರೆತಂದಳು.

“ನೀನು ಹತ್ತಜ್ಜಿ. ಮಾರ್ಕೆಟ್ ನೋಡ್ಕಂಡ್ ಬರನ.”

ವಯಸ್ಸೆಲ್ಲ ಹುಳ ಸಾಕಿದ್ದ ಅಜ್ಜಿ ಒಂದು ಸಲವೂ ಮಾರ್ಕೆಟ್ ನೋಡಿರಲಿಲ್ಲ. “ಅವರ ಸೀಟು ಕಣ್ ಮಗಾ,” ಎಂದಳು.

“ಈಗ ಖಾಲಿ ಐತಜ್ಜಿ,” ಎಂದಳು ಗಿರಿಜೆ.

ಅಜ್ಜಿ ಬಹಳ ಹೊತ್ತು ಸೀಟನ್ನು ನೋಡಿದಳು. ಆಮೇಲೆ ಹತ್ತಿದಳು. ಮೊದಲು ತುದಿಯಲ್ಲಿ ಕೂತಳು. ನಿಧಾನವಾಗಿ ಹಿಂದಕ್ಕೆ ಒರಗಿದಳು. ಜೀಪು ಕೂದಲೆಳೆಯಷ್ಟೂ ತಗ್ಗಲಿಲ್ಲ. ಗಿರಿಜೆ ತಟ್ಟೆಯನ್ನು ಅವಳ ಮಡಿಲಲ್ಲಿಟ್ಟು ಪಕ್ಕದಲ್ಲಿ ನುಸುಳಿಕೊಂಡಳು. ಅಪ್ಪ ತನ್ನ ಸೀಟಿನಲ್ಲಿ ಪೂರ್ತಿ ಕೂತು ಜೀಪು ಹೊರಡಿಸಿದ.

ಊರು ದಾಟಿದ ಮೇಲೆ ಅಜ್ಜಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ನುಂಗಿದ ಮೇಲೆ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಗಿರಿಜೆಯೂ ಕೈಮುಗಿದು ಕಣ್ಣು ಮುಚ್ಚಿದಳು.

“ಶಿವನೆ,” ಎಂದಳು ಅಜ್ಜಿ, “ನಮ್ ಯಜಮಾನ್ರನ್ನ ನಿನ್ ಪಾದದ ತಾವು ನೆಮ್ಮದಿಯಾಗಿ ಕೂರಿಸ್ಕೊಳ್ಳಪ್ಪ. ಒಸಿ ಅಗಲವಾಗಿರೋ ಜಾಗ ಕೊಡು.”