ಮುಚ್ಚಳದ ಲೆಕ್ಕ

“ಇದೇನು, ನೀರು ತುಂಬೋದಕ್ಕೋ, ಮೇಲೆ ಕೂರೋದಕ್ಕೋ?”

ಅವಳು ವರ್ಕ್‌ಶಾಪಿನ ಬಾಗಿಲಲ್ಲೇ ನಿಂತಳು. ಒಳಗೆ ತಗಡಿನ ಮೇಸ್ತ್ರಿ ಅವಳ ಡ್ರಾಯಿಂಗನ್ನು ಎರಡೇ ಬೆರಳಲ್ಲಿ, ಕೊಳಕು ಬಟ್ಟೆ ಹಿಡಿದಂತೆ ಎತ್ತಿ ಹಿಡಿದಿದ್ದ. ಸುತ್ತಲಿನ ಕೆಲಸಗಾರರು ಕಿಸಕ್ಕೆಂದು ನಗುತ್ತಿದ್ದರು.

“ಯಾರು ಗೀಚಿದ್ದು ಇದನ್ನ?”

“ನಾನೇ ಗೀಚಿದ್ದು.”

ನಗು ನಿಂತಿತು. ಮೇಸ್ತ್ರಿ ತಿರುಗಿದ. ಈಗ ಕ್ಷಮೆ ಕೇಳುತ್ತಾನೆ ಎಂದು ಅವಳು ಕಾದಳು.

“ಒಳ್ಳೇದಾಯ್ತು, ನೀವೇ ಹೇಳಿ ಮೇಡಂ. ಕೂರೋದಕ್ಕಾ?”

ಕಾಲೇಜಿನಲ್ಲಿ ಆರು ವರ್ಷ ಗಣಿತ ಕಲಿಸಿದವಳು ಅವಳು. ಈ ಕಾರ್ಖಾನೆಗೆ ಡಿಸೈನರ್ ಆಗಿ ಸೇರಿ ಎರಡು ವಾರವಾಗಿತ್ತಷ್ಟೆ. ಅವಳಿಗೆ ಒಪ್ಪಿಸಿದ ಮೊದಲ ಕೆಲಸ ಮನೆಬಳಕೆಯ ಬಿಸಿನೀರಿನ ಡ್ರಮ್. ಹನ್ನೆರಡು ಲೀಟರ್ ನೀರನ್ನು ಬೆಳಗ್ಗೆ ಒಮ್ಮೆ ಕುದಿಸಿಟ್ಟರೆ ಸಂಜೆಯವರೆಗೂ ಬಿಸಿ ಆರಬಾರದು. ಅದಕ್ಕೆ ತಕ್ಕ ಅಳತೆ ಹೇಳಬೇಕಾದವಳು ಅವಳು. ಮಾಡಬೇಕಾದವನು ಈ ಮನುಷ್ಯ.

‘ಕತ್ತರಿ ಹಿಡಿಯೋ ಕೈಗೆ ಎಷ್ಟು ಕೊಬ್ಬು...’

“ನಿಮಗೆ ಕ್ಯಾಲ್ಕುಲಸ್ ಗೊತ್ತಾ?” ಎಂದಳು.

“ಗೊತ್ತಿಲ್ಲ. ನಿಮಗೆ ತಗಡು ಗೊತ್ತಾ?”

“ಡ್ರಮ್ಮು ತೀರಾ ಉದ್ದ ಆದ್ರೆ ಪಕ್ಕದ ಮೈ ಜಾಸ್ತಿ ಆಗತ್ತೆ. ತೀರಾ ಅಗಲ ಆದ್ರೆ ಮುಚ್ಚಳ, ತಳ ಜಾಸ್ತಿ ಆಗತ್ತೆ.” ಅವಳು ದಡ್ಡ ವಿದ್ಯಾರ್ಥಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು. “ಇವೆರಡರ ಮಧ್ಯೆ ಒಂದು ಜಾಗ ಇದೆ. ಅಲ್ಲಿ ಒಟ್ಟು ಮೈ ಅತೀ ಕಡಿಮೆ. ಮೈ ಕಡಿಮೆ ಆದ್ರೆ ಶಾಖ ಹೊರಗೆ ಹೋಗೋದೂ ಕಡಿಮೆ. ಎತ್ತರ, ಅಗಲ ಎರಡೂ ಸಮ ಇದ್ದಾಗ ಅದು ಸಿಗತ್ತೆ. ಇಪ್ಪತ್ತೈದು ಸೆಂಟಿಮೀಟರ್ ಎತ್ತರ, ಇಪ್ಪತ್ತೈದು ಅಗಲ. ಇದು ನನ್ನ ಅಭಿಪ್ರಾಯ ಅಲ್ಲ, ಲೆಕ್ಕ.”

ಮೇಸ್ತ್ರಿ ಡ್ರಾಯಿಂಗನ್ನು ಇನ್ನೊಮ್ಮೆ ನೋಡಿದ.

“ಪಕ್ಕಕ್ಕೆಲ್ಲ ದಪ್ಪ ಹತ್ತಿ ಸುತ್ತುತೀರಿ. ಮುಚ್ಚಳ ಮಾತ್ರ ಬರೀ ತಗಡು. ಅಲ್ಲೊಂದು ಸಲ ಕೈ ಇಟ್ಟು ನೋಡಿ ಮೇಡಂ.”

“ಕೈ ಸುಟ್ಕೊಂಡು ಕಲಿಯೋ ಪೈಕಿ ನಾನಲ್ಲ. ಅದಕ್ಕೆ ನೀವಿದೀರಲ್ಲ.”

ಹೇಳಿದ ಮೇಲಷ್ಟೇ ಅವಳ ಕಣ್ಣು ಅವನ ಕೈ ಮೇಲೆ ಬಿತ್ತು. ಬೆರಳಿನಿಂದ ಮೊಣಕೈವರೆಗೂ ಹಳೆಯ ಸುಟ್ಟ ಕಲೆಗಳು. ಅವನು ಅಂಗಿಯ ತೋಳು ಕೆಳಗಿಳಿಸಿಕೊಂಡು ಕೆಲಸಕ್ಕೆ ತಿರುಗಿದ. ಅವಳಿಗೆ ಒಂದು ಕ್ಷಣ ಪಿಚ್ಚೆನಿಸಿತು... ಆದರೂ ‘ಬೇಕಾಗಿತ್ತು ಅವನಿಗೆ’ ಎಂದುಕೊಂಡೇ ಹೊರಬಂದಳು.

ಮುಂದಿನ ಮೂರು ವಾರ ಇಬ್ಬರೂ ಮುಖ ತಿರುಗಿಸಿಕೊಂಡೇ ಓಡಾಡಿದರು. ಅವನು ಅವಳನ್ನು “ಕಾಗದದ ಮೇಡಂ” ಎನ್ನುತ್ತಾನೆಂದು ಕಿವಿಗೆ ಬಿತ್ತು. ಅವಳೂ ಮನೆಯಲ್ಲಿ ಅವನನ್ನು “ಆ ತಗಡು” ಎಂದೇ ಕರೆದಳು. ದಿನಾ ಊಟದ ಹೊತ್ತಿಗೆ ತಗಡಿನ ಸುದ್ದಿ ಕೇಳಿ ಕೇಳಿ ಅವಳ ಅತ್ತಿಗೆ ಒಂದು ದಿನ ತಟ್ಟೆ ಕೆಳಗಿಟ್ಟು ಕೇಳಿದರು:

“ಅಷ್ಟು ಕಂಡರಾಗದವನ ಅಂಗಿ ಬಣ್ಣ ಸಮೇತ ನೆನಪಿಟ್ಕೊಂಡು ಬರ್ತೀಯಲ್ಲೇ?”

“ಸುಮ್ನಿರಿ ಅತ್ತಿಗೆ.”

ಮಾದರಿಯ ಪರೀಕ್ಷೆಯ ದಿನ ಬಂತು. ಕಾರ್ಖಾನೆಯ ಯಜಮಾನಿ ಬೆಳಗ್ಗೆ ಎಂಟಕ್ಕೇ ಬಂದು ಕುಳಿತಿದ್ದರು. ಮೇಜಿನ ಮೇಲೆ ನೋಡಿದರೆ... ಎರಡು ಡ್ರಮ್!

ಒಂದು ಅವಳದು, ಕುಳ್ಳಗೆ, ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲದೆ ನಿಂತಿತ್ತು. ಇನ್ನೊಂದು ಅಗಲವಾದ ದಪ್ಪ ಪೀಠದ ಮೇಲೆ ನೀಳವಾಗಿ ನಿಂತಿತ್ತು. ಹದಿನೇಳು ಚಿಲ್ಲರೆ ಅಗಲ, ಐವತ್ತೊಂದು ಚಿಲ್ಲರೆ ಎತ್ತರ. ಅದಕ್ಕೆ ಡ್ರಾಯಿಂಗೇ ಇರಲಿಲ್ಲ, ಮೇಸ್ತ್ರಿ ತಾನೇ ಮಾಡಿದ್ದು. ಪೀಠ, ಹತ್ತಿ, ಮುಚ್ಚಳದ ತಗಡು ಎಲ್ಲ ಎರಡಕ್ಕೂ ಒಂದೇ.

ಎರಡಕ್ಕೂ ಕುದಿಯುವ ನೀರು ತುಂಬಿ ಮುಚ್ಚಿಟ್ಟರು. ಸಂಜೆ ಆರಕ್ಕೆ ಥರ್ಮಾಮೀಟರ್ ಇಳಿಸಿದರು.

ಅವಳ ಡ್ರಮ್ಮಿನಲ್ಲಿ ಅರವತ್ತೇಳು ಡಿಗ್ರಿ. ಅವನದರಲ್ಲಿ ಎಪ್ಪತ್ತು.

ಯಜಮಾನಿ ಹುಬ್ಬೇರಿಸಿ, ಬರೆದುಕೊಂಡು ಎದ್ದು ಹೋದರು. ಅವಳ ಕಿವಿ ಬಿಸಿಯಾಯಿತು. ಎಲ್ಲರ ಮುಂದೆ... ಬೇಕೆಂದೇ...

“ನನ್ನ ಮರ್ಯಾದೆ ಕಳೀಬೇಕು ಅಂತಲೇ ಕದ್ದು ಇನ್ನೊಂದು ಮಾಡಿಟ್ರಿ ಅಲ್ವಾ?” ಎಂದು ಅವನೆದುರು ನಿಂತಳು. “ತೃಪ್ತಿ ಆಯ್ತಾ? ಇಂಥ ಕುತಂತ್ರ ಬಿಟ್ರೆ ಇನ್ನೇನು ಬರತ್ತೆ ನಿಮಗೆ?”

ಅವನು ಕೈ ಒರೆಸಿಕೊಂಡು ಹೊರಟುಹೋದ.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಅವಳು ತನ್ನ ಡ್ರಮ್ಮಿಗೇ ಕುದಿಯುವ ನೀರು ತುಂಬಿದಳು. ಅವನ ಮೋಸ ಹಿಡಿಯಬೇಕಿತ್ತು. ಒಂದು ಗಂಟೆಯ ನಂತರ ಪಕ್ಕದ ಹೊದಿಕೆಗೆ ಥರ್ಮಾಮೀಟರ್ ಒತ್ತಿದಳು. ಕೋಣೆಗಿಂತ ಎಂಟು ಡಿಗ್ರಿ ಜಾಸ್ತಿ. ಮುಚ್ಚಳಕ್ಕೆ ಒತ್ತಿದಳು.

ನಲವತ್ತೆಂಟು ಜಾಸ್ತಿ.

ಆರು ಪಟ್ಟು. ಮುಚ್ಚಳದ ಒಂದಂಗೈ ಅಗಲದಿಂದ ಹೋಗುವ ಶಾಖ, ಅಷ್ಟೇ ಅಗಲದ ಪಕ್ಕದ ಮೈಯಿಂದ ಹೋಗುವುದರ ಆರು ಪಟ್ಟು! ತಳವಂತೂ ದಪ್ಪ ಪೀಠದ ಮೇಲಿದೆ, ಅಲ್ಲಿಂದ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಅವಳೋ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದಳು.

ಹಾಳೆ ಎಳೆದುಕೊಂಡಳು. ಮುಚ್ಚಳಕ್ಕೆ ಆರರ ತೂಕ ಕೊಟ್ಟು, ತಳವನ್ನು ಬಿಟ್ಟು, ಸಮೀಕರಣ ಹೊಸದಾಗಿ ಬರೆದಳು. ಡೆರಿವೇಟಿವ್ ತೆಗೆದು ಸೊನ್ನೆಗೆ ಸಮ ಮಾಡಿದಳು. ನಾಲ್ಕೇ ಸಾಲು. ಉತ್ತರ ಬಂತು: ಎತ್ತರ ಅಗಲದ ಮೂರು ಪಟ್ಟು ಇರಬೇಕು.

ಹದಿನೇಳು. ಐವತ್ತೊಂದು.

‘ಇಷ್ಟು ಸುಲಭದ್ದನ್ನ ಕಾಣದೇ ಹೋದ್ನಲ್ಲ... ಆರು ವರ್ಷ ಏನು ಪಾಠ ಮಾಡಿದೆ ನಾನು?’ ಮೂರು ವಾರದಿಂದ ಅವನ ಮೇಲೆ ಸುರಿಯುತ್ತಿದ್ದ ತಾತ್ಸಾರವೆಲ್ಲ ಒಮ್ಮೆಗೇ ಅವಳ ಮೇಲೇ ಬಂದು ಬಿತ್ತು.

ಅಷ್ಟರಲ್ಲಿ ಯಜಮಾನಿ ಒಳಬಂದರು. “ಶಹಭಾಸ್ ಕಣಮ್ಮ. ಮುಚ್ಚಳದ ಲೆಕ್ಕ ಬೇರೆ ಮಾಡಿ ಎರಡನೇ ಡ್ರಮ್ ಮಾಡಿಸಿದ್ದು ಒಳ್ಳೇದಾಯ್ತು. ನೀವು ಹೇಳಿದ ಅಳತೆಗೇ ಮಾಡಿದೆ ಅಂತ ಮೇಸ್ತ್ರಿ ಹೋದ ವಾರವೇ ಹೇಳಿದ್ರು.”

ಅವನು ಗೆಲುವನ್ನು ಅವಳ ಹೆಸರಿಗೆ ಬರೆದಿಟ್ಟಿದ್ದ. ಅಂಥವನನ್ನು ಕುತಂತ್ರಿ ಎಂದಿದ್ದಳು.

ಸುಮ್ಮನೆ ತಲೆಯಾಡಿಸಿದ್ದರೆ ಹೊಸ ಕೆಲಸವೂ ಮರ್ಯಾದೆಯೂ ಭದ್ರವಾಗಿ ಉಳಿಯುತ್ತಿದ್ದವು. ಯಾರಿಗೂ ತಿಳಿಯುತ್ತಿರಲಿಲ್ಲ.

“ಇಲ್ಲ ಮೇಡಂ,” ಎಂದಳು. “ಅದು ನನ್ನದಲ್ಲ, ಅವರದ್ದು. ನನ್ನ ಲೆಕ್ಕ ತಪ್ಪಾಗಿತ್ತು. ಅವರು ಮೊದಲ ದಿನವೇ ಹೇಳಿದ್ರು, ನಾನೇ ಕೇಳಲಿಲ್ಲ.”

ಯಜಮಾನಿಯ ಮುಖದ ನಗು ಮಾಯವಾಯಿತು. “ಹಾಗಾದ್ರೆ ಡ್ರಾಯಿಂಗ್ ಮೇಲೆ ಅವರ ಹೆಸರೂ ಇರ್ಲಿ,” ಎಂದು ಒಣ ದನಿಯಲ್ಲಿ ಹೇಳಿ ಹೋದರು.

ವರ್ಕ್‌ಶಾಪಿನಲ್ಲಿ ಮೇಸ್ತ್ರಿ ಒಬ್ಬನೇ ತಗಡಿನ ಅಂಚು ಮಡಚುತ್ತಿದ್ದ. ಅವಳನ್ನು ಕಂಡರೂ ಸುತ್ತಿಗೆ ನಿಲ್ಲಲಿಲ್ಲ.

“ಯಜಮಾನಿಗೆ ನನ್ನ ಹೆಸರು ಯಾಕೆ ಹೇಳಿದ್ರಿ?” ಎಂದಳು. “ಕರುಣೆನಾ? ನನಗೆ ಯಾರ ಕರುಣೆನೂ ಬೇಡ.”

“ಕರುಣೆ ಅಲ್ಲ. ತಗಡಿನವನ ಮಾತು ಅಂದ್ರೆ ಅವರು ಡ್ರಮ್ಮಿಗೆ ನೀರೂ ತುಂಬಿಸ್ತಿರಲಿಲ್ಲ. ನೀವೇ ಮೂಗು ಮುರಿದ್ರಲ್ಲ.”

ಅವಳು ಲೆಕ್ಕದ ಹಾಳೆಯನ್ನು ಅವನ ಮುಂದಿಟ್ಟಳು.

“ಮೂರು ಪಟ್ಟು. ನಾಲ್ಕು ಸಾಲಲ್ಲಿ ಬಂತು. ನಿಮಗೆ ಹೇಗೆ ಗೊತ್ತಾಯ್ತು?”

ಸುತ್ತಿಗೆ ನಿಂತಿತು. ಅವನು ಆ ನಾಲ್ಕು ಸಾಲಿನ ಮೇಲೆ ಬೆರಳಾಡಿಸಿದ.

“ಹನ್ನೊಂದು ಡ್ರಮ್ ಮಾಡಿ ಬಿಸಾಕಿದೀನಿ. ಒಂಬತ್ತು ವರ್ಷದಲ್ಲಿ. ಅಮ್ಮನಿಗೆ ದಿನವೆಲ್ಲ ಬಿಸಿನೀರು ಬೇಕಿತ್ತು, ಕಾಲು ನೋವು... ಹನ್ನೆರಡನೇದು ಸರಿಹೋಗೋ ಹೊತ್ತಿಗೆ ಅವಳು ಇರಲಿಲ್ಲ.” ಅವನ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. “ಇಷ್ಟೇನಾ ಇದು? ಇಷ್ಟೇ ಆಗಿದ್ರೆ...”

‘ಈ ಕೈಗಳಿಗೆ ನಾನು ಏನೆಲ್ಲ ಅಂದಿದ್ದೆ...’

“ನನ್ನನ್ನ ಕ್ಷಮಿಸಿ. ಆವತ್ತು ಆಡಿದ್ದಕ್ಕೂ, ನಿನ್ನೆ ಆಡಿದ್ದಕ್ಕೂ.”

“ನಾನೇನು ಕಮ್ಮಿ ಆಡಿದ್ನಾ? ನಿಮ್ಮನ್ನ ಕಂಡ್ರೆ ಉರೀತಿತ್ತು. ಇಷ್ಟು ಓದಿ, ಎದುರಿಗಿರೋ ಮುಚ್ಚಳ ಕಾಣಲ್ವಲ್ಲ ಅಂತ ಅಸಡ್ಡೆ.”

“ಈಗ?”

“ಅಸಡ್ಡೆ ಸ್ವಲ್ಪ ಇನ್ನೂ ಇದೆ.” ಅವನು ಮೊದಲ ಬಾರಿ ಅವಳ ಕಣ್ಣು ನೋಡಿ ಮಾತಾಡಿದ. “ಆದ್ರೆ ನೀವು ಈ ಕಡೆ ಬರದ ದಿನ ನನ್ನ ಕೆಲಸ ಕೆಡತ್ತೆ. ಬೈಸ್ಕೊಳ್ಳೋದಕ್ಕಾದ್ರೂ ಬರಲಿ ಅನ್ಸತ್ತೆ. ಇದಕ್ಕೆ ಏನಂತಾರೋ ಗೊತ್ತಿಲ್ಲ.”

ಅವಳಿಗೆ ಗೊತ್ತಿತ್ತು. ಮೂರು ವಾರದಿಂದ ಅವಳಿಗೂ ಅದೇ ಆಗುತ್ತಿತ್ತು. ಸಿಟ್ಟು ಎಂದು ಹೆಸರಿಟ್ಟುಕೊಂಡಿದ್ದಳು, ಅಷ್ಟೆ.

“ನಾಳೆ ರಜ,” ಎಂದಳು, ಹಾಳೆ ಮಡಚುತ್ತಾ. “ಅಣ್ಣ ಅತ್ತಿಗೆ ಮನೇಲಿರ್ತಾರೆ. ಬನ್ನಿ.”

“ಬಂದು ಏನಂತ ಕೇಳಲಿ?”

“ಈಗ ನನ್ನ ಹತ್ರ ಹೇಳಿದ್ದನ್ನೇ ಸ್ವಲ್ಪ ಮರ್ಯಾದೆಯಾಗಿ ಕೇಳಿ.”

“ಅವರು ಆಗಲ್ಲ ಅಂದ್ರೆ?”

ಅವಳು ಅವನ ಕಲೆಗಟ್ಟಿದ ಕೈಯನ್ನು ಮೆಲ್ಲಗೆ ತನ್ನ ಕೈಯೊಳಗೆ ತೆಗೆದುಕೊಂಡಳು.

“ಆಗತ್ತೆ ಅನ್ನೋಳು ನಾನು ಪಕ್ಕದಲ್ಲೇ ಕೂತಿರ್ತೀನಲ್ಲ.”