ವಿಮಾನ ನಗರದ ಹಗಲುಗತ್ತಲೆ

ಅಜ್ಜಿಯ ಬಂಗಾರದ ಗುಂಡುಗಳ ಬೋರಮಾಳ ಸರ ತನ್ನ ಹೆಂಡತಿ ಶೈಲಾಳ ಕೊರಳಿಗೇ ಬರುತ್ತದೆಂದು ರೋಹಿತ ಹನ್ನೊಂದು ವರ್ಷ ನಂಬಿಕೊಂಡಿದ್ದ. ನಂಬಿಸಿದ್ದು ಸೋದರತ್ತೆ ಭೀಮವ್ವ. ಆ ಒಂದು ಮಾತಿಗಾಗಿ ಅವನು ಅವಳ ಗ್ಯಾಸ್ ಸಿಲಿಂಡರ್ ಹೊತ್ತ, ಮಂಡಿನೋವಿಗೆ ಡಾಕ್ಟರರ ಬಳಿ ಕರೆದೊಯ್ದ, ಊರಿಗೆ ಹೊರಟಾಗಲೆಲ್ಲ ದೌಂಡ ಜಂಕ್ಷನ್ನಿನವರೆಗೆ ಜೊತೆಗೆ ಹೋಗಿ ಸೋಲಾಪುರದ ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ. ಕಡೆಗೊಂದು ದಿನ ಅವಳು ಚಹಾ ಸೋಸುತ್ತ, "ಸರ ಶ್ರದ್ಧಾಗ ಕೊಡ್ತೀನಪಾ. ಎಷ್ಟಂದ್ರೂ ಮೊಮ್ಮಗಳು, ಲಗ್ನ ನಿಶ್ಚಯ ಆಗ್ಯದ. ಪಾರ್ಟಿಗೆ ಜಾಗಾ ನೀನ ನೋಡು. ನಿನಗ ಇಂಥಾದು ಭಾಳ ತಿಳೀತದ," ಅಂದಳು.

ರೋಹಿತನ ಹೊಟ್ಟೆ ಉರಿದುಹೋಯಿತು. ಆದರೂ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, "ಆಗ್ಲಿ ಅತ್ತಿ, ನೋಡ್ತೀನಿ," ಅಂದ.

ಸರ ಬ್ಯಾಂಕಿನ ಲಾಕರಿನಿಂದ ಹೊರಬರುವುದು ಅದೊಂದೇ ದಿನ. ಹಾಗಾಗಿ ಜಾಗ ಸರಿಯಾಗಿ ಸಿಕ್ಕರೆ ಅರ್ಧ ಕೆಲಸ ಆದಂತೆಯೇ. ಮಗರಪಟ್ಟಾದ ಹಾಲ್ ಚೆಂದವಿತ್ತು, ರುಚಿ ನೋಡಲು ಕೊಟ್ಟ ಜಿಲೇಬಿಯೂ ಚೆಂದವಿತ್ತು. ಅದನ್ನು ತಿನ್ನುತ್ತಲೇ ಅವನು ಮೇಲೆ ನೋಡಿ ಹದಿನಾರು ಕ್ಯಾಮೆರಾ ಎಣಿಸಿದ. "ಪಾರ್ಕಿಂಗ್ ತ್ರಾಸ ಅದ ಅತ್ತಿ," ಎಂದು ಅದನ್ನು ತಳ್ಳಿಹಾಕಿದ. ಒಂದು ಟೆರೇಸು ಸಿಕ್ಕಿತ್ತು, ಆದರೆ ಬಿಸಿಲಲ್ಲಿ ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು.

ವಿಮಾನ ನಗರದ ನೆಲಮಾಳಿಗೆಯ ಕ್ಲಬ್ ನೋಡಿದ ಕೂಡಲೇ ಅವನ ಮನಸ್ಸು ತಣ್ಣಗಾಯಿತು. ಗೋಡೆಗಳೆಲ್ಲ ಕಪ್ಪು. ಕುಣಿಯುವ ಜಾಗದಲ್ಲಿ ಕ್ಯಾಮೆರಾ ಇಲ್ಲ; ದೊಡ್ಡ ಮಂದಿಗೆ ತಮ್ಮ ಕುಣಿತ ರೆಕಾರ್ಡ್ ಆಗುವುದು ಇಷ್ಟವಿಲ್ಲವಂತೆ. ದೀಪ ಹಚ್ಚುವ ಹೊತ್ತಿಗೆ ಭೀಮವ್ವ ಮನೆಯಲ್ಲಿರಬೇಕು, ಹಾಗಾಗಿ ಪಾರ್ಟಿ ಮಧ್ಯಾಹ್ನವೇ ಆಗಬೇಕು; ಆಗ ಕ್ಲಬ್ಬೂ ಖಾಲಿ. ನಾಲ್ಕು ಗಂಟೆಗೂ ಅಲ್ಲಿ ಅಮಾವಾಸ್ಯೆ ಎಂದು ಮ್ಯಾನೇಜರ್ ಹೆಮ್ಮೆಯಿಂದ ಹೇಳಿದ.

ರೋಹಿತ ಮೂರು ಸಲ ಹೋಗಿ ನೋಡಿದ. ಮೂರು ಸಲವೂ ಆಫೀಸಿಗೆ ಹೋಗುವ ಮುಂಚೆ, ಟ್ಯೂಬ್‌ಲೈಟಿನ ಬೆಳಕಲ್ಲಿ ಕ್ಲಬ್ಬಿನ ಕೆಲಸದಾಕೆ ಸಕ್ಕುಬಾಯಿ ನೆಲ ಒರೆಸುತ್ತಿದ್ದಾಗ. ಚೀಲಗಳನ್ನಿಡುವ ಸೋಫಾದಿಂದ ಹಿಂದಿನ ಮೆಟ್ಟಿಲಿಗೆ ಇಪ್ಪತ್ತೆರಡು ಹೆಜ್ಜೆ, ಮೆಟ್ಟಿಲು ಹತ್ತಿದರೆ ತನ್ನ ಸ್ಕೂಟರ್. ಸರ ಡಿಕ್ಕಿಯೊಳಗೆ, ತಾನು ವಾಪಸ್ ಹಾಲಿನೊಳಗೆ. ಒಂದು ಹಾಡು ಮುಗಿಯುವಷ್ಟರಲ್ಲಿ ಆಗುವ ಕೆಲಸ.

"ಸ್ಪೆಷಲ್ ಲೈಟ್ ಲಾವೂ ಕಾ, ದಾದಾ?" ಸ್ಪೆಷಲ್ ಲೈಟ್ ಹಾಕಲೇ ಎಂದು ಮ್ಯಾನೇಜರ್ ಮರಾಠಿಯಲ್ಲಿ ಕೇಳಿದ. "ಅನೌನ್ಸ್‌ಮೆಂಟಚ್ಯಾ ವೇಳಿ?"

"ಲಾವಾ, ಲಾವಾ," ಹಾಕಿ ಹಾಕಿ ಅಂದ ರೋಹಿತ, ಹೆಜ್ಜೆ ಎಣಿಸುತ್ತ.

ಅರಿಶಿನವನ್ನೂ ಅವನು ಮರೆತಿರಲಿಲ್ಲ. ಕೈ ಬದಲಾಗುವ ಬಂಗಾರ ಒಣಗಿರಬಾರದೆಂದು ಭೀಮವ್ವ ಹಸಿ ಅರಿಶಿನ ತೇಯ್ದು, ಸರದ ಒಂದೊಂದು ಗುಂಡಿಗೂ ಬೆರಳಿನಿಂದ ಹಚ್ಚುವವಳು. ಅದಕ್ಕೆಂದೇ ಅವನು ಕಪ್ಪು ಪ್ಯಾಂಟು ಹಾಕಿದ, ಬಟ್ಟೆ ಒಗೆಯುವ ಸೋಪಿನ ಚೂರೊಂದನ್ನು ಜೇಬಿನಲ್ಲಿಟ್ಟುಕೊಂಡ. ಇಷ್ಟು ಮುಂದಾಲೋಚನೆ ಬೇರೆ ಯಾರಿಗಿದೆ ಎಂದು ಕನ್ನಡಿಯಲ್ಲಿ ತನ್ನನ್ನೇ ಮೆಚ್ಚಿಕೊಂಡ.

ಭಾನುವಾರ ಎಲ್ಲವೂ ಲೆಕ್ಕ ಹಾಕಿದಂತೆಯೇ ನಡೆಯಿತು. ಶ್ರದ್ಧಾ ಅಜ್ಜಿಯ ಕೈ ಹಿಡಿದು ಕುಣಿಯಲು ಎಳೆದೊಯ್ದಳು. ಹಾಡು ಶುರುವಾಯಿತು, ರೋಹಿತ ಕತ್ತಲಲ್ಲಿ ಭೀಮವ್ವನ ಚೀಲ ತಡವಿ, ಬಟ್ಟೆಯ ಗಂಟು ಬಿಚ್ಚಿ, ಸರ ಎತ್ತಿದ. ಇಪ್ಪತ್ತೆರಡು ಹೆಜ್ಜೆ, ಮೆಟ್ಟಿಲು, ಡಿಕ್ಕಿ, ಬೀಗ. ಬರುತ್ತ ಬಾತ್‌ರೂಮಿನಲ್ಲಿ ಎರಡು ಸಲ ಕೈ ತೊಳೆದ. ಬಲ್ಬಿನ ಕೆಳಗೆ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಕಲೆ ಎಂಬುದೇ ಇಲ್ಲ.

"ಸರ ಇಲ್ಲ," ಅಂದಳು ಭೀಮವ್ವ, ಹಾಡು ನಿಂತ ಮೇಲೆ. "ನನ್ನ ಅವ್ವನ ಸರ, ರೋಹಿತ."

ಇಂಥ ಹೊತ್ತಲ್ಲಿ ಮುಂದೆ ನಿಂತವನ ಮೇಲೆ ಯಾರೂ ಸಂಶಯಪಡುವುದಿಲ್ಲವೆಂದು ಅವನು ಮೊದಲೇ ಯೋಚಿಸಿದ್ದ. ಸ್ಟೇಜಿನ ಮೇಲೆ ಹತ್ತಿ, ಮೈಕಿನ ಮುಂದೆ ನಿಂತು, ಎಲ್ಲರನ್ನೂ ಸುಮ್ಮನಾಗಿಸಲು ಎರಡೂ ಕೈ ಮೇಲೆತ್ತಿದ. "ಯಾರೂ ಗಾಬರಿ ಆಗಬ್ಯಾಡ್ರಿ. ಬಾಗಲಾ ಹಾಕಸ್ತೀನಿ. ಒಬ್ಬೊಬ್ಬರದೂ ಚೀಲ ನೋಡೋಣು."

ಅನೌನ್ಸ್‌ಮೆಂಟ್ ಶುರುವಾಯಿತೆಂದು ತಿಳಿದು ಮ್ಯಾನೇಜರ್ ತನ್ನ ಸ್ಪೆಷಲ್ ಲೈಟ್, ಆ ಅತಿನೇರಳೆ ದೀಪ, ಹಾಕಿದ. ಹಾಲಿಗೆ ಹಾಲೇ ನೇರಳೆ ಬಣ್ಣಕ್ಕೆ ತಿರುಗಿತು. ಬಿಳಿ ಅಂಗಿಗಳು, ಬಾಯಿ ಬಿಟ್ಟವರ ಹಲ್ಲುಗಳು ಮಿಂಚತೊಡಗಿದವು. ಅರಿಶಿನವೂ ಮಿಂಚಿತು. ಸೋಪಿಗೆ ಹೋಗಿದ್ದು ಕಣ್ಣಿಗೆ ಕಾಣುವಷ್ಟೇ. ಉಳಿದದ್ದು ಆ ಬೆಳಕಿಗೆ ಹಳದಿ-ಹಸಿರಾಗಿ ಉಗುರಿನ ಸಂದಿಸಂದಿಯಲ್ಲೂ ಉರಿಯುತ್ತಿತ್ತು. ಅಷ್ಟು ಜನರಲ್ಲಿ ಹೊಳೆಯುತ್ತಿದ್ದ ಕೈಗಳು ಎರಡೇ ಜೊತೆ: ಮುಂದಿನ ಸಾಲಿನಲ್ಲಿ ಭೀಮವ್ವನವು, ಸ್ಟೇಜಿನ ಮೇಲೆ ಎತ್ತಿ ಹಿಡಿದ ರೋಹಿತನವು. ಭೀಮವ್ವ ಮೊದಲು ತನ್ನ ಬೆರಳು ನೋಡಿಕೊಂಡಳು, ಆಮೇಲೆ ಅವನವನ್ನು. "ಕೈ ಇಳಸಬ್ಯಾಡಪಾ," ಅಂದಳು ಮೆಲ್ಲಗೆ. "ಹಂಗ ನಿಂದರು. ಎಲ್ಲಾರೂ ನೋಡ್ಲಿ."